ಟೊಳ್ಳು ಹೊಟ್ಟೆಯ ಗಿಬ್ಸನ್

"ನಳ ಬಂದಾವ್ರೀ!" ಎಂದು ಪಕ್ಕದ ಮನೆಯ ಮಾಯಕ್ಕ ಗೋಡೆಯಾಚೆಯಿಂದ ಕೂಗಿದಾಗ ಪ್ರಮಿಳಾಗೆ ಎಚ್ಚರವಾಯಿತು. ದಿನಕರ್ಮ ಮುಗಿದು ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಅಳುವವರೂ ಸಮಾಧಾನ ಹೇಳುವವರೂ ಇಲ್ಲದ ಮೊದಲ ಬೆಳಗು. ಶಹಾಪುರದ ಆ ಓಣಿಯಲ್ಲಿ ನೀರು ಬಂದರೆ ಗಂಡ ಸತ್ತವಳೂ ಕೊಡ ಹಿಡಿಯಬೇಕು. ಎದ್ದು ಹಿಡಿದಳು. ಕೊಡ ತುಂಬಿ ನೀರು ಹೊರಚೆಲ್ಲುವುದನ್ನು ನೋಡುತ್ತ ನಿಂತಳು. ನಳ ತಿರುಗಿಸಬೇಕೆಂಬುದು ತುಸು ತಡವಾಗಿ ಹೊಳೆಯಿತು.

ಮಾಯಕ್ಕ ಗೋಡೆಯ ಮೇಲಿಂದ ಒಂದು ಡಬ್ಬಿ ಚಾಚಿದಳು. "ಉಪ್ಪಿಟ್ಟು ಐತಿ. ಬ್ಯಾಡ ಅನಬ್ಯಾಡ. ಮತ್ತ ಡಬ್ಬಿ ನನಗ ವಾಪಸ್ ಬೇಕು ನೋಡವಾ. ಅದರ ಸಲುವಾಗಿ ಆದರೂ ನಮ್ಮನಿಗೆ ಬಾ."

ಪ್ರಮಿಳಾ ತಿಂದಳು. ರುಚಿ ಗೊತ್ತಾಗಲಿಲ್ಲ, ಬಿಸಿ ಗೊತ್ತಾಯಿತು. ಡಬ್ಬಿ ತೊಳೆದು ಬೋರಲು ಹಾಕುವಾಗ ವಾಪಸು ಕೊಡಬೇಕಾದ ಇನ್ನೊಂದು ವಸ್ತು ನೆನಪಿಗೆ ಬಂತು.

ಗಂಡ ಗೌರೀಶ ಗಿಟಾರ್ ರಿಪೇರಿ ಮಾಡುತ್ತಿದ್ದ. ಆರ್ಕೆಸ್ಟ್ರಾದವರು, ಕ್ಯಾಂಪಿನ ಚರ್ಚಿನಲ್ಲಿ ನುಡಿಸುವವರು, ಗೋವಾದ ಹೋಟೆಲುಗಳಿಗೆ ಹೋಗಿಬರುವವರು ಎಲ್ಲರೂ ಅವನ ಹಿಂಬದಿಯ ಕೋಣೆಗೆ ಬರುತ್ತಿದ್ದರು. ನೆಹರು ನಗರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಹೇಳಿದ್ದ: "ಖಾನಾಪುರದ ಬಾಳೇಶ ಮಾಸ್ತರ ಕಡೆ ಒಂದು ಗಿಟಾರ್ ತಂದೇನಿ, ಕಡಾ. ಅದು ಖರೇ ಅಮೆರಿಕಾದ್ದೋ ಅಲ್ಲೋ ನೋಡಿ ಹೇಳು ಅಂದಾರ. ನನಗ ಹೇಳಾಕ ಬಾಯಿ ಬರವಲ್ದು. ಮನಿಗೆ ಹೋದ ಮ್ಯಾಲೆ ನೋಡೂಣು." ಮನೆಗೆ ಅವನು ಬರಲಿಲ್ಲ.

ಕೋಣೆಯ ಬಾಗಿಲು ತೆರೆದಳು. ಮೇಜಿನ ಮೇಲೆ ಹಳೆಯ ಚಾದರ ಮುಚ್ಚಿತ್ತು. ಎತ್ತಿ ನೋಡಿದರೆ ಒಂದಲ್ಲ, ಎರಡು ಎಲೆಕ್ಟ್ರಿಕ್ ಗಿಟಾರುಗಳು. ಅದೇ ಆಕಾರ, ಅದೇ ಜೇನುಬಣ್ಣ. ಒಂದರ ತಲೆಯ ಮೇಲೆ ಬಂಗಾರದ ಅಕ್ಷರಗಳಲ್ಲಿ ಗಿಬ್ಸನ್ ಎಂದು ಅಮೆರಿಕಾದ ಕಂಪನಿಯ ಹೆಸರಿತ್ತು. ಇನ್ನೊಂದರ ತಲೆ ಬೋಳು, ಅದಕ್ಕೆ ತಂತಿಯೂ ಇರಲಿಲ್ಲ.

ಹೊತ್ತೇರಿದಾಗ ಮೈದುನ ವಿನಯ ಸ್ಕೂಟರಿನಲ್ಲಿ ಬಂದ. ಪ್ರಮಿಳಾ ಮಾಸ್ತರರ ಗಿಟಾರಿನ ವಿಷಯ ಹೇಳಿದಾಗ ಎರಡನ್ನೂ ನೋಡಿ ಅರೆಕ್ಷಣದಲ್ಲಿ ತೀರ್ಪು ಕೊಟ್ಟ.

"ವೈನಿ, ಇದರಾಗ ವಿಚಾರ ಮಾಡೂದೇನೈತಿ? ಹೆಸರು ಬರದದ್ದು ಅಣ್ಣಂದು. ಅವಗ ಅಮೆರಿಕಾದ ಗಿಟಾರಿನ ಹುಚ್ಚು ಇತ್ತಲ್ಲ! ಬೋಳು ತಲೀದು ಮಾಸ್ತರದು. ಮ್ಯಾಲೆ ಹೆಸರು ಇದ್ದಿದ್ದರ ಇದು ಯಾವುದು ಅಂತ ಅವರು ಯಾಕ ಕೇಳತಿದ್ರು?"

ಮಾತು ಸರಿಯಾಗಿಯೇ ಕೇಳಿಸಿತು. ಆ ದಿನಗಳಲ್ಲಿ ಅವಳಿಗೆ ಯಾರು ಏನು ಹೇಳಿದರೂ ಸರಿಯೆಂದೇ ಕೇಳಿಸುತ್ತಿತ್ತು. "ಹೂಂ" ಅಂದಳು.

"ಬೋಳಂದು ಕಟ್ಟಿಡ್ರಿ. ನಾಳೆ ನಾನ ಖಾನಾಪುರಕ್ಕ ಹೋಗಿ ಕೊಟ್ಟು ಬರತೇನಿ. ಅಮೆರಿಕಾದ್ದು ಮನ್ಯಾಗ ಇರಲಿ, ಅಣ್ಣನ ನೆನಪು."

ವಿನಯ ಚಹಾ ಕುಡಿದು ಹೋದ. ಪ್ರಮಿಳಾ ಒಣಬಟ್ಟೆ ತಂದು ಬೋಳು ಗಿಟಾರನ್ನು ಒರೆಸತೊಡಗಿದಳು. ಒರೆಸುತ್ತಿದ್ದ ಕೈ ತನ್ನಷ್ಟಕ್ಕೇ ಗೆಣ್ಣು ಮಡಿಚಿ ಅದರ ಉಬ್ಬಿದ ಎದೆಯನ್ನು ಬಡಿಯಿತು.

ಅದು ಗೌರೀಶ ಕಲಿಸಿದ ಬಡಿತ. ಮದುವೆಯಾದ ಹೊಸತರಲ್ಲಿ ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಗಿಟಾರುಗಳನ್ನು ಸಾಲಾಗಿ ಇಟ್ಟು, "ಯುನಿವರ್ಸಿಟ್ಯಾಗ ಎಂ.ಎ. ಮಾಡೀದಿ, ಈಗ ನನ್ನ ಪರೀಕ್ಷಾ ಪಾಸಾಗು" ಎನ್ನುತ್ತಿದ್ದ. "ಕೈ ಹಿಂದ ಒಯ್ಯಿ. ಗಿಬ್ಸನ್ ಇದ್ದರ ಕುತಿಗಿ ಮೈಗೆ ಅಂಟಿಸಿರತಾರ. ಉಕ್ಕಿನ ಪಟ್ಟಿ, ನಾಕು ಸ್ಕ್ರೂ ಕೈಗೆ ಹತ್ತಿದರ ಎಪ್ಪತ್ತರ ದಶಕದ ಜಪಾನಿ ನಕಲು ಅಂತ ಸಂಶೆ ಪಡು. ಆಮ್ಯಾಲೆ ಎದಿ ಬಡಿ. ಖರೇ ಗಿಬ್ಸನ್ ಒಳಗೆಲ್ಲ ಗಟ್ಟಿ ಕಟಗಿ. ಜಪಾನಿ ಮಂದಿ ಪ್ಲೈವುಡ್ ಬಗ್ಗಿಸಿ ಉಬ್ಬು ಮಾಡ್ಯಾರ, ಅದರ ಕೆಳಗ ಭಾಳಷ್ಟಕ್ಕ ಟೊಳ್ಳು." ಅವಳು ತಪ್ಪಿದರೆ, "ನಾಪಾಸು! ಇವತ್ತ ಚಹಾ ನೀನ ಮಾಡು" ಎಂದು ನಗುತ್ತಿದ್ದ. ಪಾಸಾದ ದಿನವೂ ಚಹಾ ಅವಳೇ ಮಾಡುತ್ತಿದ್ದಳು.

ಬೋಳು ಗಿಟಾರಿನ ಸದ್ದು ಹೊಸ್ತಿಲು ಬಡಿದಂತೆ ಗಟ್ಟಿಯಾಗಿತ್ತು. ಹೆಸರಿದ್ದದ್ದನ್ನು ಎಳೆದುಕೊಂಡು ಬಡಿದಳು. ಬಲಿತ ಕುಂಬಳಕಾಯಿಯ ಹಾಗೆ ಒಳಗೆಲ್ಲ ಡೊಬ್ ಎಂದಿತು. ಬೋರಲು ಮಾಡಿದಳು: ಉಕ್ಕಿನ ಪಟ್ಟಿ, ನಾಲ್ಕು ಸ್ಕ್ರೂ, ಸಣ್ಣ ಅಕ್ಷರಗಳಲ್ಲಿ ಮೇಡ್ ಇನ್ ಜಪಾನ್. ಬೆಲ್ಟಿನ ಬಕಲು ವರ್ಷಾನುಗಟ್ಟಲೆ ಉಜ್ಜಿದ ಗಾಯಗಳೂ ಇದ್ದವು. ಗೌರೀಶ ಬೆಲ್ಟು ಕಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಬಂಗಾರದ ಹೆಸರನ್ನು ಓರೆಯಾಗಿ ಬೆಳಕಿಗೆ ಹಿಡಿದಳು. ಕುಂಚದ ಗೆರೆಗಳು ಕಂಡವು. ಆರ್ಕೆಸ್ಟ್ರಾದ ಬ್ಯಾನರು ಬರೆಯುವ ಪೇಂಟರನ ಕೈ. ಹಿಂದೆಲ್ಲ ಜಪಾನಿ ಹೆಸರು ಕೆರೆದು ಹೀಗೆ ಬರೆಸುತ್ತಿದ್ದರೆಂದು ಗೌರೀಶನೇ ಹೇಳಿದ್ದ.

ಇದೇ ಮಾಸ್ತರದು. ಹಾಗಾದರೆ ಬೋಳು ತಲೆಯದು ಯಾರದು?

ಅದರ ಬೆನ್ನಿಗೂ ಉಕ್ಕಿನ ಪಟ್ಟಿಯಿತ್ತು, ಅಕ್ಷರಗಳಿರಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ತಂತಿಯ ಕೆಳಗೆ ಕೂತು ದನಿ ಹಿಡಿಯುವ ಪಿಕಪ್ಪನ್ನು ಬಿಚ್ಚಿದಳು. ಒಳಗೆ ಪ್ಲೈವುಡ್ಡಿನ ಪದರುಗಳಿರಲಿಲ್ಲ. ಬಣ್ಣ ತಾಗದ ಒಂದೇ ಮರ, ಅರಿಶಿನದಷ್ಟು ಹಳದಿ.

ಹಲಸು. ವೀಣೆ ಮಾಡುವ ಮರ.

ಮಳೆಗಾಲವಿಡೀ ಅವನ ತಲೆಗೂದಲಲ್ಲಿ ಹಳದಿ ಪುಡಿ ಇರುತ್ತಿತ್ತು. ದಿಂಬಿನ ಮೇಲೂ ಉದುರುತ್ತಿತ್ತು. "ಏನ್ರೀ ಇದು?" ಎಂದು ಬೈದಿದ್ದಳು. "ರಿಪೇರಿ ಕೆಲಸ" ಎಂದಿದ್ದ. ಮಾಸ್ತರ ಗಿಟಾರನ್ನು ಕಡ ತಂದದ್ದು ಅಳತೆಗೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ತನ್ನದೊಂದನ್ನು ಮಾಡಿದ್ದ. ತಂತಿ ಹಾಕುವುದೊಂದು ಉಳಿದಿತ್ತು.

ನಾಳೆ ಅದನ್ನೇ ಕಟ್ಟಿ ಕಳಿಸುವವಳಿದ್ದಳು.

ಪ್ರಮಿಳಾ ಮೇಜಿನ ಅಂಚು ಹಿಡಿದು ಕುಳಿತಳು. ಅಳು ಬರಲಿಲ್ಲ. ಆದರೆ ಎಷ್ಟೋ ದಿನಗಳ ನಂತರ ಹಸಿವಾಯಿತು. ಕಣ್ಣು ಕಟ್ಟಿ ಕಲಿಸಿದ್ದೆಯಲ್ಲ, ಪುಣ್ಯಾತ್ಮ, ಅಂದುಕೊಂಡಳು.

ಮರುದಿನ ವಿನಯನಿಗೆ ಫೋನು ಮಾಡಿ ಎಲ್ಲ ಹೇಳಿ, "ನಾನ ಹೋಗಿ ಬರತೇನಿ" ಅಂದಳು. ಅವನು, "ಬೋಳಂದು ಅಣ್ಣ ಮಾಡಿದ್ದಾ? ನಾ ಅದನ್ನ ಕೊಟ್ಟು ಬರತಿದ್ನಲ್ಲ ವೈನಿ..." ಎಂದ. ದನಿ ಒದ್ದೆಯಾಗಿತ್ತು.

ಖಾನಾಪುರದ ಬಸ್ಸಿನಲ್ಲಿ ಗಿಟಾರಿಗೂ ಒಂದು ಸೀಟು ಬಿಟ್ಟುಕೊಟ್ಟರು. ಬಾಳೇಶ ಮಾಸ್ತರರು ಹಿಂದೆ ಆರ್ಕೆಸ್ಟ್ರಾದಲ್ಲಿ, ಲೋಂಡಾದ ರೈಲ್ವೆ ಮಂದಿಯ ಕೂಟಗಳಲ್ಲಿ ನುಡಿಸಿದವರು. ಅಂಗಳದಲ್ಲಿ ಅವಳನ್ನು ಕಂಡವರೇ ಎದ್ದು ನಿಂತರು.

"ಬಾ ಯವ್ವಾ. ಅವಸರ ಏನಿತ್ತು? ಗಿಟಾರ್ ಎಲ್ಲಿ ಓಡಿ ಹೋಗತಿತ್ತು?"

ಅವರ ಹೆಂಡತಿ ಕಾಂತಾ ಚಾಪೆ ಹಾಸಿದರು. "ಬಸ, ಬಾಳ" ಎಂದು ಮರಾಠಿಯಲ್ಲಿ ಅಂದು, "ಕುಂದರವಾ, ಮಜ್ಜಿಗಿ ತರತೇನಿ" ಎಂದರು.

ಮಾಸ್ತರರು ಮೊದಲು ಗೌರೀಶನ ಮಾತಾಡಿದರು. ಬಳಿಕ ಕೆಳದನಿಯಲ್ಲಿ, "ನೋಡಿದ್ನೇನು ಅವ? ಏನಂದ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಆ ಮುಖ ನೋಡಿದರೆ ಹೇಳಬೇಕೆನಿಸುತ್ತಿತ್ತು ಕೂಡ.

"ಜಪಾನಿದ್ರೀ, ಮಾಸ್ತರ."

ಮಜ್ಜಿಗೆ ಹಿಡಿದು ಬಂದ ಕಾಂತಾ ಬಾಗಿಲಲ್ಲೇ ನಿಂತು ನಕ್ಕರು. "ಅಮೆರಿಕಾ ಅಮೆರಿಕಾ ಅಂತ ಜಲ್ಮಪೂರ್ತಿ ನನ್ನ ತಲಿ ತಿಂದ್ರಲ್ಲರೀ! ನಮ್ಮ ಕೂಸಿಗೂ ಮುಟ್ಟಾಕ ಕೊಡಲಿಲ್ಲ!"

"ಏ, ಸುಮ್ಮನಿರ." ಮಾಸ್ತರರಿಗೂ ನಗು ಬಂತು, ಪೂರ್ತಿ ಬರಲಿಲ್ಲ. "ಗೌರೀಶಗ ಗೊತ್ತಾಗಿತ್ತು ಅಲ್ಲ? ಯಾಕ ಹೇಳಲಿಲ್ಲ?"

"ನಿಮಗ ಕೆಟ್ಟ ಅನಸತೈತಿ ಅಂತ." ಪ್ರಮಿಳಾ ತಡೆದಳು. ಇಷ್ಟು ಉದ್ದ ಮಾತಾಡಿ ಅವಳಿಗೆ ಬಹಳ ದಿನವಾಗಿತ್ತು. "ಆದರ ಮಾಸ್ತರ, ಇದರ ಅಳತಿ ತಗೊಂಡು ಅವರು ಹಲಸಿನ ಕಟಗೀದು ಒಂದು ಮಾಡ್ಯಾರ. ಎಷ್ಟೋ ಮಂದೀ ಗಿಟಾರ್ ಅವರ ಕೈಯಾಗ ಹಾದು ಹೋದುವು. ಅಳತಿ ತಗೊಂಡದ್ದು ಇದರದ ಒಂದು."

ಮಾಸ್ತರರು ಕಣ್ಣು ಒರೆಸಿಕೊಳ್ಳಲಿಲ್ಲ, ಕನ್ನಡಕ ಒರೆಸಿಕೊಂಡರು. "ತಂತಿ ಹಾಕ್ಯಾನ?"

"ಇಲ್ರೀ."

"ಅದನ್ನ ತಗೊಂಡು ಬಾ. ನಾ ಹಾಕತೇನಿ."

ಪ್ರಮಿಳಾ ಚೀಲದ ಜಿಪ್ಪು ಎಳೆದು ಗಿಟಾರನ್ನು ಹೊರತೆಗೆದಳು. ಗೌರೀಶ ಬಂದಿದ್ದರೆ ಆಡುತ್ತಿದ್ದ ಮಾತನ್ನು ತಾನೇ ಆಡಿ, "ಭಾಳ ಉಪಕಾರ ಆತ್ರೀ, ಮಾಸ್ತರ" ಎನ್ನುತ್ತ ಎರಡೂ ಕೈಯಿಂದ ಅದನ್ನು ಅವರ ತೊಡೆಯ ಮೇಲಿಟ್ಟಳು.