ಗಡಾಯಿಕಲ್ಲೇ ಇರಲಿ

ಬೆಟ್ಟಗಳ ವಿಷಯದಲ್ಲಿ ಚಿತ್ರಾಳಿಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಪುಂಜಾಲಕಟ್ಟೆಯ ಪೇಟೆಯಲ್ಲಿ ಒಂದು ಕೋಣೆಯ ಸ್ಟುಡಿಯೋ ಇಟ್ಟುಕೊಂಡು ಹದಿನಾಲ್ಕು ವರ್ಷ ಮದುವೆಯ ಫೋಟೋ ತೆಗೆದವಳು ಅವಳು. ಈಚೆಗೆ ಮದುವೆಗಿಂತ ಮದುವೆಗೆ ಮುಂಚಿನ ಫೋಟೋಗಳ ಕೆಲಸವೇ ಹೆಚ್ಚಾಗಿ, ಜೋಡಿಗಳನ್ನು ಕರೆದುಕೊಂಡು ಗುಡ್ಡ ಹತ್ತುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಯಾವ ಗುಡ್ಡಕ್ಕೆ ಎಷ್ಟು ಹೊತ್ತಿನ ನಡಿಗೆ, ಯಾವ ಬಂಡೆಗೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆ, ಎಲ್ಲಿ ರಕ್ತ ಹೀರುವ ಉಂಬುಳದ ಕಾಟ, ಎಲ್ಲಿ ಅರಣ್ಯದವರ ಗೇಟು, ಸೀರೆ ಬದಲಾಯಿಸಲು ಮರೆ ಎಲ್ಲಿ ಸಿಗುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ.

ನವೆಂಬರ್ ಮೊದಲ ವಾರದಲ್ಲಿ ಬೆಳ್ತಂಗಡಿಯ ಮನ್ವಿತ್ ಫೋನು ಮಾಡಿದ. ಕೊಕ್ಕಡದ ಹುಕ್ರಪ್ಪನವರ ಮಗಳು ವಿಸ್ಮಿತಾಳ ಜೊತೆ ಅವನ ನಿಶ್ಚಿತಾರ್ಥವಾಗಿತ್ತು. ಜನವರಿಯಲ್ಲಿ ಮದುವೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಂಥ, ಫೋಟೋ ಚೆಂದ ಬರುವಂಥ ಜಾಗ ಬೇಕಾಗಿತ್ತು.

ಚಿತ್ರಾ ಮೂರು ಜಾಗಗಳನ್ನು ಆರಿಸಿ, ಒಂದೊಂದರದ್ದೂ ಹಳೆಯ ಫೋಟೋ ಸಮೇತ ವಾಟ್ಸಾಪ್ ಮಾಡಿದಳು. ಕಾರಿಂಜದ ಗುಡ್ಡ, ಮುಕ್ಕಾಲು ದಾರಿ ಕಾರು ಹೋಗುತ್ತದೆ. ದಿಡುಪೆಯ ಆಚೆ ಒಂದು ರಬ್ಬರ್ ತೋಟದ ಹಿಂದಿನ ಹುಲ್ಲುಗುಡ್ಡ, ಹೆಚ್ಚೆಂದರೆ ಇಪ್ಪತ್ತು ನಿಮಿಷದ ಸಪಾಟು ನಡಿಗೆ, ಎದುರಿಗೆ ಇಡೀ ಘಟ್ಟದ ಸಾಲು. ಮೂರನೆಯದು ಗಡಾಯಿಕಲ್ಲು. ಒಂದೇ ಒಂದು ಬಂಡೆಯ ಬೆಟ್ಟ, ಅದರ ಮೈಯಲ್ಲಿ ಕೊರೆದ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು. 'ನೀವು ಹೇಳಿದ ಕಡೆ ಹೋಗುವ ಅಕ್ಕ, ನನಗೆ ಅದೆಲ್ಲ ಗೊತ್ತಾಗುದಿಲ್ಲ' ಎಂದು ಮನ್ವಿತ್ ಉತ್ತರ ಬರೆದ.

ಮರುದಿನ ಬೆಳಿಗ್ಗೆ ವಿಸ್ಮಿತಾ ಫೋನು ಮಾಡಿದಳು. ಅವಳನ್ನು ಚಿತ್ರಾ ನೋಡಿದ್ದು ನಿಶ್ಚಿತಾರ್ಥದ ದಿನ ಒಮ್ಮೆ ಮಾತ್ರ. ಕುತ್ತಿಗೆಯವರೆಗೆ ಮುಚ್ಚುವ ರವಿಕೆ ತೊಟ್ಟ, ಉದ್ದ ಕುತ್ತಿಗೆಯ, ನಕ್ಕರೆ ಕಣ್ಣು ಮುಚ್ಚಿಹೋಗುವ ಹುಡುಗಿ.

"ಅಕ್ಕ, ಆ ಎರಡನೇ ಜಾಗ ಇಡುವ. ಹುಲ್ಲುಗುಡ್ಡೆ."

"ಯಾಕೆ, ಗಡಾಯಿಕಲ್ಲು ಇಷ್ಟ ಆಗ್ಲಿಲ್ಲವಾ?"

ವಿಸ್ಮಿತಾ ದನಿ ತಗ್ಗಿಸಿ ಹೇಳಿದಳು. "ನಿಮಗೆ ಒಬ್ರಿಗೇ ಹೇಳುದು ಅಕ್ಕ. ನನಗೆ ಸಣ್ಣದಿರುವಾಗ ಹಾರ್ಟಿನ ಆಪರೇಶನ್ ಆಗಿದೆ. ಈಗಲೂ ವಾಲ್ವಿನಲ್ಲಿ ಸ್ವಲ್ಪ ಲೀಕ್ ಉಂಟು. ಮದುವೆ, ಮಕ್ಕಳು ಯಾವುದಕ್ಕೂ ತೊಂದರೆ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಗುಡ್ಡೆ ಗಿಡ್ಡೆ ಹತ್ಬಾರದು ಅಷ್ಟೆ. ಮನ್ವಿತನಿಗೆ ನಾನೇ ಹೇಳ್ತೇನೆ, ಈ ತಿಂಗಳಲ್ಲೇ ಹೇಳ್ತೇನೆ. ಬಾಕಿಯವರ ಬಾಯಿಂದ ಅವನಿಗೆ ಗೊತ್ತಾಗ್ಬಾರದು."

"ನೀನು ಹೆದರ್ಬೇಡ ಮಾರಾಯ್ತಿ" ಎಂದಳು ಚಿತ್ರಾ. ಆ ಹೊತ್ತಿಗೆ ಅವಳ ಮನಸ್ಸಿನಲ್ಲೂ ಬೇರೇನೂ ಇರಲಿಲ್ಲ.

ಅದೇ ದಿನ ಮೂರು ಗಂಟೆಗೆ ಮನ್ವಿತನ ಅಕ್ಕ ಹರಿಣಾಕ್ಷಿ ಸ್ಟುಡಿಯೋಕ್ಕೆ ಬಂದಳು. ಕುರ್ಚಿ ಎಳೆದುಕೊಂಡು ಕೂತವಳು ಗೋಡೆಯ ಮೇಲಿನ ಮದುಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಮುಗಿಸಿ, ನೇರ ವಿಷಯಕ್ಕೆ ಬಂದಳು.

"ಮೂರರಲ್ಲಿ ಹೆಚ್ಚು ಹತ್ಲಿಕ್ಕೆ ಇರುದು ಯಾವುದು?"

"ಗಡಾಯಿಕಲ್ಲು. ಯಾಕೆ?"

"ಹಾಗಾದ್ರೆ ಅದೇ ಆಗ್ಲಿ. ಹುಡುಗಿಗೆ ಎಂತದೋ ದಮ್ಮಿನ ತೊಂದರೆ ಉಂಟು ಅಂತ ಕೊಕ್ಕಡದ ಕಡೆಯವರು ಒಬ್ರು ಹೇಳಿದ್ರು. ಅವರ ಮನೆಯಲ್ಲಿ ಕೇಳಿದ್ರೆ ಏನೂ ಇಲ್ಲ ಹೇಳ್ತಾರೆ. ಡಾಕ್ಟರ ಹತ್ರ ಕರ್ಕೊಂಡು ಹೋಗುವ ಅಂತ ನಾವು ಹೇಳ್ಲಿಕ್ಕೆ ಆಗ್ತದಾ? ಮರ್ಯಾದೆ ಪ್ರಶ್ನೆ. ಒಮ್ಮೆ ಹತ್ತಿಸಿ ನೋಡುವ. ಫೋಟೋ ಆದ ಹಾಗೂ ಆಯ್ತು, ಗೊತ್ತಾದ ಹಾಗೂ ಆಯ್ತು."

ನೋಡುವ ಎಂದು ಚಿತ್ರಾ ಅವಳನ್ನು ಕಳಿಸಿದಳು. ಸಂಜೆ ಕೊಟ್ಟು ಮುಗಿಸಬೇಕಾದ ಆಲ್ಬಮ್ ಒಂದಿತ್ತು. ಅದರ ಕೆಲಸಕ್ಕೆ ಕೂತಳು. ಕೈ ಅದರಲ್ಲಿದ್ದರೂ ತಲೆ ಬೇರೆಲ್ಲೋ ಇತ್ತು. ಗಡಾಯಿಕಲ್ಲಿನ ಪೂರ್ವದ ಅಂಚಿನಲ್ಲಿ, ಕೆಳಗೆ ಬಯಲು ತುಂಬ ಮಂಜು ಹಾಲಿನ ಹಾಗೆ ನಿಂತಿರುವಾಗ, ಕೆಂಪು ಸೀರೆಯ ಹೆಣ್ಣೊಬ್ಬಳು ಒಂಟಿಯಾಗಿ ಕೂತ ಚಿತ್ರವೊಂದನ್ನು ಅವಳು ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ತೆಗೆಯುತ್ತಿದ್ದಳು. ಅಷ್ಟು ಬೇಗ ಅಷ್ಟು ಮೆಟ್ಟಿಲು ಹತ್ತಲು ಯಾವ ಮದುಮಗಳೂ ಒಪ್ಪಿರಲಿಲ್ಲ. ಒಪ್ಪಿದ ಒಬ್ಬಿಬ್ಬರಿಗೆ ಆ ಮುಖವಿರಲಿಲ್ಲ. ವಿಸ್ಮಿತಾಳಿಗೆ ಆ ಮುಖವಿತ್ತು, ಆ ಕುತ್ತಿಗೆಯಿತ್ತು. ನವೆಂಬರ್ ಎರಡನೇ ವಾರದ ಮಂಜು ಮತ್ತೆ ಸಿಗಬೇಕಾದರೆ ಒಂದು ವರ್ಷ ಕಾಯಬೇಕು.

ಅಂಗಡಿ ಮುಚ್ಚುವ ಮೊದಲು ಅವಳು ಮನ್ವಿತನಿಗೆ, 'ಗಡಾಯಿಕಲ್ಲೇ ಇರಲಿ. ಭಾನುವಾರ ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ' ಎಂದು ಬರೆದಳು. ವಿಸ್ಮಿತಾಳಿಗೆ ಫೋನು ಮಾಡಿ, "ಹುಲ್ಲುಗುಡ್ಡೆಗೆ ತೋಟದವರು ಬಿಡುದಿಲ್ಲ ಹೇಳಿದ್ರು. ಕಾರಿಂಜದಲ್ಲಿ ಭಾನುವಾರ ಜನ ಜಾಸ್ತಿ. ಮೆಲ್ಲ ಹತ್ತುವ, ನಾನು ಇದ್ದೇನಲ್ಲ" ಎಂದಳು.

ತೋಟದವರಿಗೆ ಅವಳು ಫೋನೇ ಮಾಡಿರಲಿಲ್ಲ.

"ಬೇರೆ ದಿನ ಆಗ್ಲಿಕ್ಕಿಲ್ವಾ ಅಕ್ಕ?"

"ಈ ಭಾನುವಾರ ಬಿಟ್ರೆ ಡಿಸೆಂಬರ್ ಮುಗಿಯುವವರೆಗೂ ಬುಕ್ಕಿಂಗ್ ಉಂಟು ನನಗೆ."

ಬೇಡ ಎಂದರೆ ಮನ್ವಿತನಿಗೆ ಕಾರಣ ಹೇಳಬೇಕು. ವಿಸ್ಮಿತಾ ಆಯ್ತು ಎಂದಳು.

ಭಾನುವಾರ ಗೇಟಿನಲ್ಲಿ ಹೆಸರು ಬರೆಸಿ, ಹರಿಣಾಕ್ಷಿಯೂ ಸೇರಿ ನಾಲ್ವರೂ ಒಳಗೆ ಹೋದರು. ಮೊದಲ ಇನ್ನೂರು ಮೆಟ್ಟಿಲು ಕಾಡಿನ ನೆರಳಿನಲ್ಲಿ ನಗುತ್ತ ಮಾತಾಡುತ್ತ ಕಳೆಯಿತು. ಅಲ್ಲಿಂದ ಮೇಲೆ ಮೆಟ್ಟಿಲುಗಳು ಎತ್ತರವಾದವು. ವಿಸ್ಮಿತಾ ಮಾತು ನಿಲ್ಲಿಸಿದಳು. ಒಂದು ತಿರುವಿನಲ್ಲಿ ಬಂಡೆಗೆ ಅಂಗೈ ಒತ್ತಿ ನಿಂತಳು.

"ಐದು ನಿಮಿಷ ಅಕ್ಕ."

"ಇನ್ನು ಸ್ವಲ್ಪವೇ ಇರುದು. ಎಂಟು ಗಂಟೆ ಆದ್ರೆ ಮಂಜು ಹೋಗ್ತದೆ" ಎಂದಳು ಚಿತ್ರಾ. ಅವರು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಮನ್ವಿತ್ ಎರಡು ಮೆಟ್ಟಿಲು ಇಳಿದು ಬಂದು ಕೈ ಚಾಚಿದ. ಹಿಂದಿನಿಂದ ಬರುತ್ತಿದ್ದ ಹರಿಣಾಕ್ಷಿ ನಕ್ಕಳು. "ಈಗಲೇ ಕೈ ಹಿಡಿದು ಎಳೀಬೇಕಾ? ನಮ್ಮ ಅತ್ತೆ ಅರುವತ್ತು ವರ್ಷದಲ್ಲಿ ಈ ಕಲ್ಲು ಹತ್ತಿದ್ದಾರೆ. ಯಾರೂ ಕೈ ಕೊಡ್ಲಿಲ್ಲ." ಮನ್ವಿತ್ ಪೆಚ್ಚಾಗಿ ಕೈ ಹಿಂದಕ್ಕೆ ತೆಗೆದ. ಬುದ್ಧಿ ಬಂದಾಗಿನಿಂದ ಅಕ್ಕ ನಕ್ಕ ಕೆಲಸವನ್ನು ಅವನು ಮುಂದುವರಿಸಿದ್ದೇ ಇಲ್ಲ.

ಆಮೇಲೆ ಹತ್ತು ಮೆಟ್ಟಿಲಿಗೊಮ್ಮೆ ವಿಸ್ಮಿತಾ ನಿಲ್ಲಬೇಕಾಯಿತು. ಅವಳು ನಿಂತಾಗಲೆಲ್ಲ ಹರಿಣಾಕ್ಷಿಯ ಮೊಬೈಲು ಮೇಲೆ ಬರುತ್ತಿತ್ತು. "ನೆನಪಿಗೆ ಇರ್ಲಿ ಅಂತ ವಿಡಿಯೋ" ಎನ್ನುತ್ತಿದ್ದಳು. ವಿಸ್ಮಿತಾ ಆ ಮೊಬೈಲಿನ ಕಡೆ ನೋಡಿ ನಗಲು ಪ್ರಯತ್ನಿಸುತ್ತಿದ್ದಳು. ನಗು ಬರುವ ಮೊದಲೇ ಉಸಿರು ಬರುತ್ತಿತ್ತು. ಚಿತ್ರಾ ಮೇಲಿನ ಮೆಟ್ಟಿಲಿನಿಂದ ಲೆನ್ಸಿನಲ್ಲಿ ಅವಳ ಮುಖವನ್ನು ಹತ್ತಿರಕ್ಕೆ ತಂದುಕೊಂಡಳು. ತುಟಿಯ ಬಣ್ಣದ ಅಂಚಿನಲ್ಲಿ ನೀಲಿ ಮೂಡಿತ್ತು. ಕೆನ್ನೆ ಬಿಳಿಚಿಕೊಂಡಿತ್ತು. 'ಸಾಕು, ಇಳಿಯುವ' ಎಂಬ ಎರಡು ಮಾತು ಚಿತ್ರಾಳ ಗಂಟಲಿನವರೆಗೆ ಬಂದದ್ದು ಹೌದು. ಆದರೆ ಅದೇ ಗಳಿಗೆಯಲ್ಲಿ ಆ ಬಿಳಿಚಿದ ಕೆನ್ನೆಯ ಮೇಲೆ ಮೂಡಣದ ಬೆಳಕು ಬಿತ್ತು. ಯಾವ ಪೌಡರು ಹಚ್ಚಿದರೂ ಬಾರದ ಬಣ್ಣ ಅದು. ಚಿತ್ರಾ ಮಾತನ್ನು ನುಂಗಿ, "ಬಾ ಬಾ, ಮುಟ್ಟಿದೆವು" ಎಂದಳು.

ತುದಿಯಲ್ಲಿ ಮಂಜು ಅವಳು ಎಣಿಸಿದ ಹಾಗೆಯೇ ನಿಂತಿತ್ತು. ಕೆಂಪು ಸೀರೆಯನ್ನು ಚಿತ್ರಾಳೇ ಉಡಿಸಿದಳು. ವಿಸ್ಮಿತಾಳ ಕೈಯಲ್ಲಿ ನೆರಿಗೆ ಹಿಡಿಯುವಷ್ಟೂ ಶಕ್ತಿ ಇರಲಿಲ್ಲ. ಅಂಚಿನ ಬಂಡೆಯ ಮೇಲೆ ಕೂರಿಸಿ, ಮುಖ ಸ್ವಲ್ಪ ಎತ್ತಿಸಿ, ಹಿಂದೆ ಸರಿದು ಕ್ಲಿಕ್ ಮಾಡತೊಡಗಿದಳು. ಐದನೆಯದೋ ಆರನೆಯದೋ ಚಿತ್ರಕ್ಕೆ ಗಾಳಿ ಬೀಸಿತು. ಸೆರಗು ಹಾರಿತು, ರವಿಕೆಯ ಕುತ್ತಿಗೆ ಒಂದು ಪಕ್ಕಕ್ಕೆ ಜಾರಿತು. ಗಂಟಲ ಗುಳಿಯ ಕೆಳಗೆ ನೆಟ್ಟಗೆ ಇಳಿಯುವ ಗಾಯದ ಕಲೆಯ ತುದಿ ಎರಡು ಬೆರಳಷ್ಟು ಹೊರಗೆ ಬಂತು. ಚಿತ್ರಾ ಬಟನ್ ಒತ್ತಿದ ಬೆರಳನ್ನು ತೆಗೆಯಲಿಲ್ಲ.

ವಿಸ್ಮಿತಾ ಥಟ್ಟನೆ ಸೆರಗು ಎಳೆದುಕೊಂಡಳು. "ಅಕ್ಕ, ಕಂಡಿತಾ?"

"ಇಲ್ಲ."

"ಕಂಡಿದ್ರೆ ಡಿಲೀಟ್ ಮಾಡಿ, ಆಯ್ತಾ?"

"ಆಯ್ತು."

ಇಳಿಯುವಾಗ ವಿಸ್ಮಿತಾಳನ್ನು ಮನ್ವಿತನೂ ಕೆಳಗಿನಿಂದ ಹತ್ತಿ ಬರುತ್ತಿದ್ದ ಒಬ್ಬ ಅಪರಿಚಿತನೂ ಎರಡೂ ಕಡೆಯಿಂದ ಹಿಡಿದು ಇಳಿಸಿದರು. ಆ ದಿನ ಸಂಜೆಯೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು ಚಿತ್ರಾಳಿಗೆ ಆಮೇಲೆ ಗೊತ್ತಾಯಿತು.

ಮಂಗಳವಾರ ಹರಿಣಾಕ್ಷಿ ಮತ್ತೆ ಬಂದಳು. "ತೆಗೆದದ್ದು ತೆಗೆದ ಹಾಗೆ ತೋರ್ಸಿ. ತಿದ್ದಿದ್ದು ಬೇಡ." ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಇವನ್ನೆಲ್ಲ ನೂರಾರು ಮದುವಣಗಿತ್ತಿಯರ ಮುಖದಿಂದ ಒರೆಸಿ ತೆಗೆದ ಕೈ ಚಿತ್ರಾಳದು. ಆ ಕಲೆ ಒಂದು ನಿಮಿಷದ ಕೆಲಸ. ಎರಡು ದಿನ ಸಮಯವಿತ್ತು. ಅವಳು ಮುಟ್ಟಿರಲಿಲ್ಲ. ಆ ಚಿತ್ರದಲ್ಲಿ ಹಾರುವ ಸೆರಗು, ಬಿಳಿಚಿದ ಮುಖ, ಆ ಕಲೆ, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕೂತಿದ್ದವು. ಒಂದನ್ನು ತೆಗೆದರೆ ಚಿತ್ರ ಸಪ್ಪೆಯಾಗುತ್ತಿತ್ತು.

ಕಂಪ್ಯೂಟರಿನಲ್ಲಿ ಅದು ಬಂದಾಗ ಹರಿಣಾಕ್ಷಿ, "ಇದನ್ನು ದೊಡ್ಡ ಮಾಡಿ" ಎಂದಳು. ಚಿತ್ರಾ ಮಾಡಿದಳು.

"ಇದೆಂತ?"

"ನೆರಳು ಇರ್ಬೇಕು."

"ನೆರಳಿಗೆ ಹೊಲಿಗೆ ಇರ್ತದಾ?"

ಹರಿಣಾಕ್ಷಿ ಪರದೆಯ ಫೋಟೋ ತೆಗೆದುಕೊಂಡು ಎದ್ದಳು. ಬಾಗಿಲಿನಲ್ಲಿ ತಿರುಗಿ, "ದೇವರು ದೊಡ್ಡವ, ಮೊದಲೇ ಕಾಣಿಸಿದ" ಎಂದಳು.

ಶುಕ್ರವಾರ ಸಂಬಂಧ ಮುರಿಯಿತು. ಹುಕ್ರಪ್ಪನವರ ಮನೆಗೆ ಗಂಡಿನ ಕಡೆಯವರು ಯಾರೂ ಹೋಗಲಿಲ್ಲ; ಮಧ್ಯಸ್ಥಿಕೆ ಮಾಡಿದವರ ಕೈಯಲ್ಲಿ ಉಂಗುರ, ಬಟ್ಟೆ ಹಿಂದಕ್ಕೆ ಕಳಿಸಿದರು. ಮನ್ವಿತ್ ಚಿತ್ರಾಳಿಗೆ, 'ಫೋಟೋ ಎಲ್ಲಿಯೂ ಹಾಕಬೇಡಿ' ಎಂದಷ್ಟೇ ಬರೆದ. ಜನವರಿಯಲ್ಲಿ ಹರಿಣಾಕ್ಷಿಯ ಫೋನು ಬಂತು. ತಮ್ಮನಿಗೆ ಬೇರೆ ಹುಡುಗಿ ನಿಶ್ಚಯವಾಗಿತ್ತು. "ನೀವೇ ಬರ್ಬೇಕು ಚಿತ್ರಾ, ನಮಗೆ ನಿಮ್ಮ ಕೈಗುಣ ಆಗ್ತದೆ. ಈ ಸಲ ಬೆಟ್ಟ ಬೇಡ. ಹುಡುಗಿಯ ಬಗ್ಗೆ ಎಲ್ಲ ವಿಚಾರಿಸಿ ಆಗಿದೆ. ಪೊಳಲಿಯ ಹೊಳೆ ಬದಿಯಲ್ಲಿ ನಾಲ್ಕು ತೆಗೆದ್ರೆ ಸಾಕು." ಚಿತ್ರಾ ಹೋಗಿ ತೆಗೆದುಕೊಟ್ಟಳು. ಮನ್ವಿತ್ ಚಿತ್ರಾಳ ಮುಖ ನೋಡಲಿಲ್ಲ, ಕ್ಯಾಮೆರಾ ನೋಡಿ ನಕ್ಕ.

ಫೆಬ್ರವರಿಯಲ್ಲಿ ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಮೂರು ದಿನದ ಛಾಯಾಚಿತ್ರ ಪ್ರದರ್ಶನವಿತ್ತು. ಅದನ್ನು ನಡೆಸುವ ಜಯರಾಜರು ಹಳೆಯ ಮನೆತನದವರು, ಚಿತ್ರಗಳ ಬಗ್ಗೆ ಕಣ್ಣಿದ್ದವರು. ಚಿತ್ರಾ ಕಳಿಸಿದ ಹನ್ನೊಂದರಲ್ಲಿ ಅವರು ಗಡಾಯಿಕಲ್ಲಿನ ಆ ಒಂದನ್ನೇ ಆರಿಸಿದರು. ಆರಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಬಾಗಿಲು ದಾಟಿದ ಕೂಡಲೇ ಎದುರಾಗುವ ಗೋಡೆಯಲ್ಲಿ ಅದನ್ನು ಮೂರಡಿ ಅಗಲಕ್ಕೆ ತೂಗುಹಾಕಿದರು. ಜನ ನಿಲ್ಲುತ್ತಿದ್ದರು. ಎಲ್ಲಿಯ ಜಾಗ, ಎಷ್ಟು ಹೊತ್ತಿನ ದಾರಿ, ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳುತ್ತಿದ್ದರು. "ಬೇಗ ಹೊರಟ್ರೆ ಏನೂ ಕಷ್ಟ ಇಲ್ಲ" ಎಂದು ಅವಳು ಹೇಳುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ವಿಸ್ಮಿತಾ ಬಂದಳು. ಜೊತೆಗೆ ಅವಳ ಗೆಳತಿ ಜಸೀಲಾ ಇದ್ದಳು. ಇಬ್ಬರೂ ಚಿತ್ರದ ಎದುರು ನಿಂತರು. ವಿಸ್ಮಿತಾ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹಿಂದೆ ನಿಂತಿದ್ದ ಚಿತ್ರಾಳ ಕಡೆ ತಿರುಗಿದಳು. ತೆಳ್ಳಗಾಗಿದ್ದಳು.

"ಆ ಹುಲ್ಲುಗುಡ್ಡೆಯ ತೋಟದವರು ಅಪ್ಪನಿಗೆ ಗುರ್ತದವರು ಅಕ್ಕ. ಮೊನ್ನೆ ಮಾತಿಗೆ ಸಿಕ್ಕಿದಾಗ ಅಪ್ಪ ಕೇಳಿದ್ರು. ನಿಮ್ಮ ಫೋನೇ ಬರ್ಲಿಲ್ಲವಂತೆ."

ಚಿತ್ರಾಳಿಗೆ ಕೂಡಲೇ ಹೇಳಲು ಹತ್ತು ಸುಳ್ಳುಗಳು ಹೊಳೆದವು. ಒಂದನ್ನೂ ಹೇಳುವ ಮನಸ್ಸಾಗಲಿಲ್ಲ.

"ಯಾಕೆ ಹಾಗೆ ಮಾಡಿದ್ರಿ? ಹರಿಣಕ್ಕ ಹೇಳಿದ್ದಾ?"

"ಅವಳು ಹೇಳಿದ್ದು ಹೌದು. ಆದರೆ ಅದಕ್ಕಲ್ಲ." ಚಿತ್ರಾ ಚಿತ್ರದ ಕಡೆ ನೋಡಿದಳು. "ಇದಕ್ಕೆ."

ಜಸೀಲಾ, "ಥೂ, ಮನುಷ್ಯಳಾ ನೀವು?" ಎಂದಳು. ವಿಸ್ಮಿತಾ ಅವಳ ತೋಳು ಹಿಡಿದು ತಡೆದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ.

"ನಾನು ಮನ್ವಿತನಿಗೆ ಹೇಳ್ತಿದ್ದೆ ಅಕ್ಕ. ಒಂದು ವಾರ ಸಿಕ್ಕಿದ್ರೆ ನಾನೇ ಹೇಳ್ತಿದ್ದೆ. ಅವ ಬಿಡ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಇನ್ನು ಯಾವತ್ತೂ ಗೊತ್ತಾಗುದೂ ಇಲ್ಲ." ಚಿತ್ರಕ್ಕೆ ಬೆರಳು ಮಾಡಿ, "ಇದನ್ನು ತೆಗೀರಿ" ಎಂದಳು. "ಈಗ. ನನ್ನ ಎದುರಲ್ಲಿ."

"ನಾಳೆ ಸಂಜೆ ಮುಗೀತದೆ ವಿಸ್ಮಿತಾ. ಮುಗಿದ ಕೂಡ್ಲೇ ತೆಗೀತೇನೆ."

"ಈಗ."

ಚಿತ್ರಾ ಎರಡು ಹೆಜ್ಜೆ ಮುಂದೆ ಹೋಗಿ ಚೌಕಟ್ಟಿನ ಎರಡೂ ಬದಿಗೆ ಕೈ ಇಟ್ಟಳು. ಮೊಳೆಯಿಂದ ಎತ್ತಲು ಒಂದು ಬೆರಳಷ್ಟು ಮೇಲಕ್ಕೆ ನೂಕಿದಳು ಕೂಡ. ಅಷ್ಟರಲ್ಲಿ ಬಾಗಿಲಿನಲ್ಲಿ ಜಯರಾಜರ ಸ್ವರ ಕೇಳಿತು. ಮಂಗಳೂರಿನಿಂದ ಬಂದ ನಾಲ್ಕೈದು ಮಂದಿಯನ್ನು ಕರೆದುಕೊಂಡು ಅವರು ನೇರ ಈ ಗೋಡೆಗೇ ಬರುತ್ತಿದ್ದರು. "ನಾನು ಹೇಳಿದ ಚಿತ್ರ ಇದೇ. ತೆಗೆದವರೂ ಇಲ್ಲೇ ಇದ್ದಾರೆ ನೋಡಿ."

ಚಿತ್ರಾ ಚೌಕಟ್ಟನ್ನು ಮೊಳೆಗೆ ಸರಿಯಾಗಿ ಕೂರಿಸಿ, ಓರೆಯಾಗಿದ್ದನ್ನು ನೇರ ಮಾಡಿ, ತಿರುಗಿ ನಿಂತು ಕೈ ಮುಗಿದಳು. ಬಂದವರಲ್ಲಿ ಒಬ್ಬರು ಕನ್ನಡಕ ಹಣೆಗೇರಿಸಿ ಚಿತ್ರದ ಹತ್ತಿರ ಬಗ್ಗಿದರು. ಆ ಕಲೆಯನ್ನು ತೋರಿಸಿ, "ಇದನ್ನು ಅಳಿಸದೆ ಬಿಟ್ಟದ್ದು ದೊಡ್ಡ ಧೈರ್ಯ" ಎಂದು ಮೆಚ್ಚಿಕೊಂಡರು. ಚಿತ್ರದಲ್ಲಿದ್ದವಳು ಅವರ ಮೊಣಕೈಯ ಹತ್ತಿರವೇ ನಿಂತಿದ್ದಳು, ಅವರಿಗೆ ಗುರುತಾಗಲಿಲ್ಲ.

ವಿಸ್ಮಿತಾ ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿಕೊಂಡು, ಜಸೀಲಾಳ ಕೈ ಹಿಡಿದು ಹೊರಗೆ ನಡೆದಳು.

"ಬೆಳಕು ಹೇಗೆ ಸಿಕ್ಕಿತು ಇದಕ್ಕೆ?" ಎಂದು ಇನ್ನೊಬ್ಬರು ಕೇಳಿದರು.

ಚಿತ್ರಾ ಬಾಗಿಲಿನ ಕಡೆ ಒಮ್ಮೆ ನೋಡಿ, ಅವರಿಗೆ ವಿವರಿಸತೊಡಗಿದಳು.