ಪರದೆಗೆ ನಾನೂರ ಹನ್ನೆರಡು, ನಲ್ಲಿಗೆ ಸೊನ್ನೆ

ಸೋಮವಾರ, ಗುರುವಾರ ಬಂತೆಂದರೆ ಸಿಸ್ಟರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ವಾರ್ಡಿನ ಇಪ್ಪತ್ತೆಂಟು ಹಾಸಿಗೆಗಳ ಸುತ್ತಲಿನ ಪರದೆಗಳನ್ನು ಅವತ್ತು ಇಳಿಸಬೇಕು, ಒಗೆಯಲು ಕಳಿಸಬೇಕು, ಒಗೆದು ಬಂದದ್ದನ್ನು ಏಣಿ ಹತ್ತಿ ಒಂದೊಂದೇ ಕೊಂಡಿಗೆ ಸಿಕ್ಕಿಸಬೇಕು. ಹತ್ತು ವರ್ಷದಿಂದ ಇದೇ ಪಾಡು. ಆಸ್ಪತ್ರೆಗಳಲ್ಲಿ ಭೇದಿ ಹರಡುವುದು ಪರದೆಯಿಂದ ಎಂದು ಯಾರೋ ಮಹಾನುಭಾವರು ಬರೆದಿದ್ದರಿಂದ ಹೊರಟ ಆಜ್ಞೆ ಅದು. ಆ ಮಹಾನುಭಾವರು ಬೇರೆ ಯಾರೂ ಅಲ್ಲ, ಅವಳ ಯಜಮಾನರೇ.

ಯಜಮಾನರು ಮೆಡಿಕಲ್ ಕಾಲೇಜಿನಲ್ಲಿ ಸಾಂಕ್ರಾಮಿಕ ರೋಗಗಳ ಸಂಶೋಧಕರು. ಪ್ರೊಫೆಸರ್ ಹುದ್ದೆಗೆ ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಮುಖ ಸಪ್ಪಗೆ ಮಾಡಿಕೊಂಡು ಬಂದಿದ್ದರು. ನಿವೃತ್ತಿಗೆ ಮೂರೇ ವರ್ಷ, ಇದು ಕೊನೆಯ ಅವಕಾಶ. ಅದೃಷ್ಟಕ್ಕೆ ಈ ಸಲ ನಿಯಮ ಬದಲಾಗಿತ್ತು. ಎಷ್ಟು ಬರೆದಿರಿ ಎನ್ನುವುದಲ್ಲ, ನೀವು ಬರೆದದ್ದನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎನ್ನುವುದೇ ಲೆಕ್ಕ. ಉಳಿದ ಮೂವತ್ತು ಪ್ರಬಂಧಗಳನ್ನು ಅವರ ತಾಯಿಯೂ ಓದಿರಲಿಲ್ಲ. ಪರದೆಯದೊಂದಕ್ಕೇ ನಾನೂರ ಹನ್ನೆರಡು ಉಲ್ಲೇಖ.

ಸಂದರ್ಶನದ ದಿನ ಬೆಳಿಗ್ಗೆ ಅವರ ಅಂಗಿಗೆ ಇಸ್ತ್ರಿ ಹಾಕುತ್ತಾ ಸಿಸ್ಟರ್ ಮೇಜಿನ ಮೇಲಿದ್ದ ಪ್ರಬಂಧಗಳ ಪಟ್ಟಿಯ ಮೇಲೆ ಕಣ್ಣಾಡಿಸಿದಳು. ಹದಿನೇಳನೆಯದು ಪರದೆ. ಅದರ ಕೆಳಗೆ ಹದಿನೆಂಟನೆಯದು, ಅರ್ಧ ಪುಟದ ‘ತಿದ್ದುಪಡಿ’. ಉಲ್ಲೇಖ, ಸೊನ್ನೆ.

ಅದೇನು ಎಂದು ಕೇಳಿದ್ದೇ ತಡ, ಯಜಮಾನರಿಗೆ ಇದ್ದಕ್ಕಿದ್ದಂತೆ ಕಾಲುಚೀಲ ಹುಡುಕುವ ಅವಸರ ಬಂತು. ಅವಳು ಬಿಡಲಿಲ್ಲ. ಕೊನೆಗೆ ಬಾಯಿ ಬಿಟ್ಟರು. ಪ್ರಯೋಗಾಲಯದಲ್ಲಿ ಎರಡು ಟ್ರೇಗಳ ಚೀಟಿ ಅದಲುಬದಲಾಗಿತ್ತಂತೆ. ಪರದೆಯದೆಂದು ಬರೆದ ರೋಗಾಣುಗಳೆಲ್ಲ ನಿಜವಾಗಿ ಕೈತೊಳೆಯುವ ನಲ್ಲಿಯ ತಿರುಪಿನ ಮೇಲಿದ್ದವು. ಆರು ತಿಂಗಳ ಮೇಲೆ ತಾವೇ ಕಂಡುಹಿಡಿದು, ತಾವೇ ಬರೆದು ಅಚ್ಚು ಹಾಕಿಸಿದ್ದರು. ಒಬ್ಬರೂ ಓದಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಒಬ್ಬರದನ್ನು ನೋಡಿ ಇನ್ನೊಬ್ಬರು ಪರದೆಯನ್ನೇ ಉಲ್ಲೇಖಿಸುತ್ತಾ ಹೋದರು.

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆಯೇ ನಿಂತಿತು. ಹತ್ತು ವರ್ಷ ಏಣಿ ಹತ್ತಿಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು ಅವಳಿಗೆ ಕೆಂಡದಂಥ ಕೋಪ ಬಂತು. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

“ಹನ್ನೆರಡನೇ ಬೆಡ್ಡಿನ ಅಜ್ಜಿ ಕಾಲು ಮುರ್ಕೊಂಡು ಬಂದ್ಲು ಕಣ್ರೀ. ನಮ್ಮಲ್ಲೇ ಭೇದಿ ಹತ್ತಿಸ್ಕೊಂಡು ಒಂದು ತಿಂಗಳು ನರಳಿದ್ಲು. ಆ ನಲ್ಲೀನ ನಾನೇ ದಿನಾ ತಿರುಗಿಸ್ತೀನಿ. ಹೋಗಿ ಹೇಳಿ.”

“ಬಡ್ತಿ ಬರಲಿ, ಆಮೇಲೆ ಹೇಳ್ತೀನಿ ಕಣೇ.”

“ಹತ್ತು ವರ್ಷದಲ್ಲಿ ಹೇಳದೋರು ಆಮೇಲೆ ಹೇಳ್ತೀರಾ?”

ಯಜಮಾನರು ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯಾಕಾರದ ಕಂದು ಗುರುತಿದ್ದ ಅಂಗಿಯನ್ನೇ ತೊಟ್ಟು, ಮೇಲೆ ಕೋಟು ಹಾಕಿಕೊಂಡು ಹೊರಟರು.

ಸಂಜೆ ಬಂದು ಹೇಳಿದ್ದಿಷ್ಟು. ಸಮಿತಿಯ ಅಧ್ಯಕ್ಷರು ಎದ್ದು ನಿಂತು ಕೈಕುಲುಕಿದ್ದರು. ತಮ್ಮ ಆರು ಪ್ರಬಂಧಗಳಲ್ಲಿ ಪರದೆಯನ್ನು ಉಲ್ಲೇಖಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದ್ದರು. ಯಜಮಾನರು ಗಂಟಲು ಸರಿಮಾಡಿಕೊಂಡು, ಸಾರ್, ದಯವಿಟ್ಟು ಹದಿನೆಂಟನೆಯದನ್ನೂ ನೋಡಿ ಎಂದಿದ್ದರು. ಅಧ್ಯಕ್ಷರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಯಾರೂ ಕೈಕುಲುಕಲಿಲ್ಲ.

ಎಂಟನೆಯ ದಿನ ಪತ್ರ ಬಂತು. ಭೇದಿ ಹರಡಲು ಪರದೆ ಕಾರಣವಲ್ಲ, ನಲ್ಲಿಯೇ ಕಾರಣವೆಂದು ಅಭ್ಯರ್ಥಿಯೇ ಒಪ್ಪಿಕೊಂಡಿರುವುದರಿಂದ ಅವರ ಬಡ್ತಿಯನ್ನು ಪರಿಗಣಿಸಲಾಗಿಲ್ಲ. ಕೆಳಗೆ ಅಧ್ಯಕ್ಷರ ಸಹಿ, ದುಂಡನೆಯ ಮೊಹರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಜಮಾನರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸಿಸ್ಟರ್‌ಗೆ ಅಳು ಬಂತು. ತಾನೇ ತಳ್ಳಿ ಕೆಡವಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅತ್ತು ಮುಗಿದ ಮೇಲೆ ಪತ್ರವನ್ನು ಇನ್ನೊಮ್ಮೆ ಓದಿದಳು. ಮರುದಿನ ಅದರ ಜೆರಾಕ್ಸ್ ಮಾಡಿಸಿ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೇಜಿನ ಮೇಲಿಟ್ಟಳು.

ಅಚ್ಚಾದ ತಿದ್ದುಪಡಿ ಹತ್ತು ವರ್ಷದಲ್ಲಿ ಮಾಡಲಾಗದ್ದನ್ನು ಮೊಹರು ಒಂದೇ ಮಧ್ಯಾಹ್ನದಲ್ಲಿ ಮಾಡಿತು. ಸೂಪರಿಂಟೆಂಡೆಂಟರು ವಿಜ್ಞಾನವನ್ನು ಓದುವವರಲ್ಲ, ಸಹಿ ಓದುವವರು. ಪರದೆಯ ಆಜ್ಞೆ ರದ್ದಾಯಿತು. ಮುಂದಿನ ವಾರ ವಾರ್ಡಿನ ನಾಲ್ಕೂ ಕೈತೊಳೆಯುವ ತೊಟ್ಟಿಗಳಿಗೆ ಮೊಣಕೈಯಿಂದ ತಳ್ಳುವ ನಲ್ಲಿಗಳು ಬಂದವು.

ನೋಡಲು ಯಜಮಾನರನ್ನು ಸಿಸ್ಟರ್ ಕರೆದುಕೊಂಡು ಹೋದಳು. ಅವರು ಮೊಣಕೈಯಿಂದ ತಳ್ಳಿದರು, ನೀರು ಬಂತು. ಇನ್ನೊಮ್ಮೆ ತಳ್ಳಿದರು, ನಿಂತಿತು. ಮೂರನೆಯ ಸಲ ತಳ್ಳಿ ಕೈ ತೊಳೆಯುವಾಗ ಅವರ ಮುಖ ನೋಡಿ ಅವಳಿಗೆ ಮದುವೆಯಾದಾಗಿನಿಂದ ಎಂದೂ ಬಾರದಷ್ಟು ಪ್ರೀತಿ ಉಕ್ಕಿ ಬಂತು.

“ಪ್ರೊಫೆಸರ್ ಆಗಿದ್ರೂ ಇಷ್ಟು ಸಂತೋಷ ಆಗ್ತಿರಲಿಲ್ಲ, ಅಲ್ವೇನ್ರೀ?”

ಅವರಿಗೆ ನಿಜ ಹೇಳುವ ಅಭ್ಯಾಸ ಈಚೆಗಷ್ಟೇ ಆಗಿತ್ತು.

“ಆಗ್ತಿತ್ತು ಕಣೇ,” ಎಂದು, ಪಕ್ಕದ ನಲ್ಲಿಯನ್ನು ತಳ್ಳಿ ನೋಡಲು ಹೋದರು.