ಕೊನೆಯ ಹಲಗೆ

ತಂಗಿಯ ಹೊಲಿಗೆ ಅಂಗಡಿ ನೋಡಿ ಪೇಂಟರ್ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮರದ ಗೋಡೆಯ ನೀಲಿ ಬಣ್ಣದ ಮೇಲೆ ಅಂಗೈಯಗಲ ಪಾಚಿ, ಸಂದುಗೊಂದಿಗಳಲ್ಲಿ ಕಪ್ಪು ಬೂಷ್ಟು. ಸಾಲದ್ದಕ್ಕೆ ಪಕ್ಕದಲ್ಲೇ ಹೊಸ ತಗಡುಗಳು ಒರಗಿ ನಿಂತಿದ್ದವು!

“ಮರ ಕೊಳೆತುಹೋಗಿದೆ ಅತ್ತಿಗೆ. ನಾಳೆ ಇದರ ಮೇಲೆ ತಗಡು ಹೊಡೆಸ್ತೀನಿ,” ಎಂದ ತಂಗಿಯ ಗಂಡ.

ಅಕ್ಕ ಸ್ಕ್ರೂಡ್ರೈವರ್‌ನಿಂದ ಹಲಗೆ ಚುಚ್ಚಿ ನೋಡಿದಳು. ಒಂದಿಷ್ಟೂ ಇಳಿಯಲಿಲ್ಲ.

“ಗಟ್ಟಿಯಾಗಿದೆ ಕಣಪ್ಪಾ. ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ? ಸಂಜೆವರೆಗೂ ಟೈಮ್ ಕೊಡು. ಗೋಡೆ ಹೊಳೀಲಿಲ್ಲ ಅಂದ್ರೆ ತಗಡಿಗೆ ಮೊಳೆ ನಾನೇ ಹೊಡೀತೀನಿ.”

ಅಕ್ಕ ಚಿಕ್ಕವಳಿದ್ದಾಗ ಇದು ಅಮ್ಮನ ಅಂಗಡಿ. ಬಣ್ಣ ಬಳಿದವನು ಅಪ್ಪ. ಕೆಲಸ ಮುಗಿದ ಮೇಲೆ ಕೊನೆಯ ಹಲಗೆಯ ಕೆಳಗೆ ಕಪ್ಪು ಪೇಂಟಿನಲ್ಲಿ ಹೆಬ್ಬೆಟ್ಟು ಒತ್ತುವುದು ಅವನ ರೂಢಿ. ಇಲ್ಲಿ ಅವನದರ ಜೊತೆ ಏಳು ವರ್ಷದ ಅಕ್ಕನದೂ ಇತ್ತು. ಅದೇ ವರ್ಷ ಅಪ್ಪ ತೀರಿಕೊಂಡ. ಅವನ ಕೈಯ ಗೋಡೆ ಅಂತ ಊರಲ್ಲಿ ಉಳಿದದ್ದು ಇದೊಂದೇ, ಇದಕ್ಕೂ ತಗಡು ಹೊಡೆದರೆ ಮುಗಿದೇ ಹೋಯಿತು.

“ಅಪ್ಪನ ಗುರುತು ಕಣೇ ಇದು,” ಎಂದಳು ಅಕ್ಕ. ತಂಗಿ ಮಿಷನ್ನಿನಿಂದ ತಲೆಯನ್ನೇ ಎತ್ತಲಿಲ್ಲ. “ನಿಮ್ಮಿಬ್ಬರ ಗುರುತು ತಾನೇ ಅದು? ಅಪ್ಪನ ಮುಖಾನೂ ನೆನಪಿಲ್ಲ ನನಗೆ. ಅದ್ರಲ್ಲಿ ನಂದೇನಿದೆ?”

ಅಕ್ಕ ಬಕೆಟ್ ಎತ್ತಿಕೊಂಡಳು.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಹೂಕುಂಡಗಳಿಗೆ ನೀರು ಸುರಿದು ಪ್ಲಾಸ್ಟಿಕ್ ಹೊದಿಸಿದಳು. ಕಲೆ ಬೀಳದಂತೆ ಕೆಳಗಿನಿಂದ ಮೇಲಕ್ಕೆ ಸೋಪಿನ ನೀರು ಹಚ್ಚುತ್ತ, ಮೆತ್ತನೆ ಬ್ರಷ್‌ನಿಂದ ಉಜ್ಜುತ್ತ ಹೋದಳು.

“ಪ್ರೆಷರ್ ಪಂಪ್ ತಂದುಬಿಡ್ಲಾ?” ಎಂದ ತಂಗಿಯ ಗಂಡ.

“ಆ ರಭಸಕ್ಕೆ ಪಾಚಿ ಜೊತೆ ಪೇಂಟೂ ಹಾರುತ್ತೆ. ಹಳೇ ಪೇಂಟು, ಅದರ ಪುಡಿ ವಿಷ ಕಣಪ್ಪಾ. ಸುಮ್ನೆ ಕೂತ್ಕೋ.”

ಸುಮ್ಮನೆ ಕೂರುವ ಜಾತಿಯೇ ಅಲ್ಲ ಆಸಾಮಿ! ಸೋಪು ತೊಳೆದ ಮೇಲೆ ಅಕ್ಕ ಬೂಷ್ಟಿಗೆಂದು ಒಂದು ಪಾಲು ಬ್ಲೀಚ್‌ಗೆ ನಾಲ್ಕು ಪಾಲು ನೀರು ಬೆರೆಸಿಟ್ಟಿದ್ದಳು. “ಸ್ವಲ್ಪ ಸ್ಟ್ರಾಂಗ್ ಆಗ್ಲಿ,” ಎಂದು ಅವನು ಟಾಯ್ಲೆಟ್ ಆಸಿಡ್ ಬಾಟಲಿ ಬಗ್ಗಿಸಹೋದ. ಅಕ್ಕ ಹಾರಿ ಅವನ ಮಣಿಕಟ್ಟು ಹಿಡಿದಳು.

“ಅಯ್ಯೋ ಪುಣ್ಯಾತ್ಮ! ಎರಡೂ ಸೇರಿದ್ರೆ ವಿಷದ ಗಾಳಿ ಏಳುತ್ತೆ, ನಮ್ಮ ಕಥೆ ಇಲ್ಲೇ ಮುಗಿಯುತ್ತೆ!”

ಅವನು ಬಾಟಲಿ ಹೊರಗಿಟ್ಟು ಬಂದು ನೀರು ಹೊತ್ತ.

ಬ್ಲೀಚ್ ನೀರು ಹಚ್ಚಿ, ಹತ್ತು ನಿಮಿಷ ಬಿಟ್ಟು, ಎಲ್ಲವನ್ನೂ ಚೆನ್ನಾಗಿ ತೊಳೆಯುವಷ್ಟರಲ್ಲಿ ಸಂಜೆಯಾಯಿತು. ಗೋಡೆ ನೀಲಿನೀಲಿಯಾಗಿ ಹೊಳೆಯುತ್ತಿತ್ತು. ಕೊನೆಯ ಹಲಗೆಯ ಕೆಳಗೆ ಅಪ್ಪನ ಹೆಬ್ಬೆಟ್ಟು, ಪಕ್ಕದಲ್ಲಿ ಅಕ್ಕನದು.

“ನಡುವೆ ಇನ್ನೂ ಬೂಷ್ಟಿದೆ ನೋಡಿ!” ಎಂದ ಅವನು, ಗೆದ್ದವನ ಹಾಗೆ. ಹೌದು, ಕಡಲೆಕಾಳಿನಷ್ಟು ಕಪ್ಪು ಚುಕ್ಕೆ.

“ಬೂಷ್ಟಾದ್ರೆ ಎರಡು ನಿಮಿಷದಲ್ಲಿ ಬಣ್ಣ ಬಿಡುತ್ತೆ.” ಅಕ್ಕ ಅದರ ಮೇಲೆ ಬ್ಲೀಚ್ ನೀರಿನ ಒಂದು ಹನಿ ಬಿಟ್ಟಳು. ಚುಕ್ಕೆ ಜಪ್ಪಯ್ಯ ಎನ್ನಲಿಲ್ಲ. ತೊಳೆದು, ಬಗ್ಗಿ ನೋಡಿದಳು. ಕೂದಲೆಳೆಯಂಥ ಗೆರೆಗಳು ಕಂಡವು.

“ಏ, ಬಾರೇ ಇಲ್ಲಿ! ಮೂರನೇ ಹೆಬ್ಬೆಟ್ಟೂ ಇದೆ!”

ತಂಗಿ ಬಂದು ಬಗ್ಗಿ ನೋಡಿದಳು. “ಇಷ್ಟು ಪುಟ್ಟದು ಯಾರದೇ?”

“ಆಗ ನಮ್ಮನೇಲಿ ಇದ್ದ ಕೂಸು ಯಾರು? ನೀನೇ ಕಣೆ! ನಾನು ನೋಡದಾಗ ಅಪ್ಪ ಒತ್ತಿಸಿದಾನೆ.”

ತಂಗಿ ಒದ್ದೆ ನೆಲದಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಗಂಡನತ್ತ ತಿರುಗಿದಳು.

“ರೀ, ತಗಡಿನ ಅಂಗಡಿ ಮುಚ್ಚೋದ್ರೊಳಗೆ ಅದನ್ನ ವಾಪಸ್ ಕೊಟ್ಟು ಬನ್ನಿ.”